ಜರ್ಮನ್ ಕಲಿಕೆಗೆ ಕನ್ನಡದ ದಾರಿ

ಪರಭಾಷೆಯೊಂದನ್ನು ಕಲಿಯುವುದಕ್ಕೆ ಎರಡು ಮಾರ್ಗಗಳುಂಟು. ವ್ಯಾಕರಣ, ನಿಘಂಟು, ಅಧ್ಯಾಪಕರು ಇವರ ನೆರವಿನಿಂದ ಮೆಲ್ಲಮೆಲ್ಲನೆ ಕಲಿಯುವುದು ಒಂದು. ಆ ಭಾಷೆಯನ್ನಾಡುವ ಜನರ ನಡುವೆ ಹೋಗಿ ನೆಲಸಿ, ತನಗೆ ಬೇರೆ ಮಾತೇ ಬಾರದೆಂಬಂತೆ ಬದುಕಿ ಕಲಿಯುವುದು ಇನ್ನೊಂದು. ಜರ್ಮನಿಯ ವಿಶ್ವವಿದ್ಯಾನಿಲಯಗಳು ಬೇಸಗೆಯಲ್ಲಿ ವಿದೇಶೀ ವಿದ್ಯಾರ್ಥಿಗಳಿಗಾಗಿ ನಡೆಸುವ ಭಾಷಾತರಗತಿಗಳು ಈ ಎರಡನೆಯ ಬಗೆಗೆ ಸೇರಿದವು. ಮೂರು ನಾಲ್ಕು ವಾರಗಳ ಕಾಲ ತರಗತಿಯ ಪಾಠವೂ ಜರ್ಮನ್ನಿನಲ್ಲಿ, ರೊಟ್ಟಿ ಕೊಳ್ಳುವುದೂ ದಾರಿ ಕೇಳುವುದೂ ಜರ್ಮನ್ನಿನಲ್ಲಿ. 1925ರಲ್ಲಿ ಸ್ಥಾಪಿತವಾದ ಡಿ.ಎ.ಎ.ಡಿ. ಎಂಬ ವಿದ್ಯಾವಿನಿಮಯ ಸಂಸ್ಥೆಯು ಇಂಥ ತರಗತಿಗಳಿಗೆ ವಿದ್ಯಾರ್ಥಿವೇತನಗಳನ್ನು ಕೊಡುತ್ತ ಬಂದಿದೆ. ಆದರೆ ಅದು ಅಕ್ಷರಾಭ್ಯಾಸದವರಿಗಲ್ಲ. ಸ್ವಲ್ಪಮಟ್ಟಿಗಾದರೂ ಭಾಷೆಯನ್ನು ಇಲ್ಲಿಯೇ ಕಲಿತು ಹೋಗಬೇಕು. ಹಾಗೆ ಕಲಿಯುವ ಯತ್ನದಲ್ಲಿ ನನಗೆ ತೋರಿದ ಒಂದು ಸಂಗತಿಯನ್ನು ವಿದ್ಯಾರ್ಥಿಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಕಾಮಾಕ್ಷಿಪಾಳ್ಯದ ನಿವಾಸಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ತಂದೆಯವರು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಗಾರರು. ಜರ್ಮನ್ ಕಲಿಯಬೇಕೆಂದು ನಾನು ಮೊದಲು ಹೋದ ಸಂಜೆ ತರಗತಿಯೊಂದರಲ್ಲಿ (ಹೆಸರು ಬೇಡ), "ಮೊದಲು ಇಂಗ್ಲಿಷನ್ನು ಗಟ್ಟಿಮಾಡಿಕೊಂಡು ಬಾ, ಅದಿಲ್ಲದೆ ಇದು ತಲೆಗೆ ಹತ್ತುವುದಿಲ್ಲ" ಎಂದು ಹೇಳಿ ಕಳುಹಿಸಿದರು. ಈ ಮಾತು ನಿಜವಾದರೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರಿಗೆ ಆ ಬಾಗಿಲು ಮುಚ್ಚಿದಂತೆಯೇ ಸರಿ. ಬೇರೊಂದು ಕಡೆ ಸೇರಿ ಒಂದೂವರೆ ವರ್ಷ ಕಲಿತ ಮೇಲೆ ಆ ಮಾತು ನಿಜವಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ಒಂದು ವಾಕ್ಯವನ್ನು ತೆಗೆದುಕೊಳ್ಳೋಣ. 'ಅವನು ಇಂದು ಮೈಸೂರಿಗೆ ಹೋಗುತ್ತಾನೆ ಎಂದು ಬಲ್ಲೆ.' ಇದರ ಒಳವಾಕ್ಯವನ್ನು ಜರ್ಮನರು 'ಎರ್ ಹೊಯ್ಟೆ ನಾಖ್ ಮೈಸೂರ್ ಫೇರ್ಟ್' ಎನ್ನುತ್ತಾರೆ. ಎರ್ ಎಂದರೆ ಅವನು, ಹೊಯ್ಟೆ ಎಂದರೆ ಇಂದು, ನಾಖ್ ಮೈಸೂರ್ ಎಂದರೆ ಮೈಸೂರಿಗೆ, ಫೇರ್ಟ್ ಎಂದರೆ ಪಯಣಿಸುತ್ತಾನೆ. ಪದಕ್ಕೆ ಪದ ಕೂಡುತ್ತದೆ. ಕ್ರಿಯಾಪದವು ನಮ್ಮಲ್ಲಿರುವಂತೆ ಕೊನೆಗೇ ಬಂದು ಕುಳಿತುಕೊಳ್ಳುತ್ತದೆ. ಇಂಗ್ಲಿಷಿನ ಮೂಲಕ ಬಂದವರಿಗೆ ಈ ಒಂದು ನಿಯಮ ಎಷ್ಟು ಕಾಟ ಕೊಡುತ್ತದೆಂಬುದನ್ನು ತರಗತಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಇನ್ನು ವಿಭಕ್ತಿಯ ವಿಚಾರ. ಚಳಿಯಾದಾಗ ನಾವು 'ನಾನು ಚಳಿ' ಎನ್ನುತ್ತೇವೆಯೆ? 'ನನಗೆ ಚಳಿ' ಎನ್ನುತ್ತೇವೆ. ಜರ್ಮನ್ನಿನಲ್ಲಿಯೂ ಹಾಗೆಯೇ, 'ಮೀರ್ ಇಸ್ಟ್ ಕಲ್ಟ್'. ಮೀರ್ ಎಂಬುದು ನಮ್ಮ ಚತುರ್ಥಿಯ 'ನನಗೆ'. ಇಂಗ್ಲಿಷನ್ನು ಸೊಗಸಾಗಿ ಮಾತಾಡುವ ಸಹಪಾಠಿಯೊಬ್ಬರು ಅದನ್ನೇ ಅನುಸರಿಸಿ 'ಇಶ್ ಬಿನ್ ಕಲ್ಟ್' ಎಂದರು. ಅದಕ್ಕೆ 'ನಾನು ಕಲ್ಲುಹೃದಯದವನು' ಎಂಬ ಅರ್ಥ ಬರುತ್ತದೆಯೆಂದು ಅಧ್ಯಾಪಕರು ನಗುತ್ತ ತಿದ್ದಿದರು. 'ನನಗೆ ಹಿಡಿಸಿತು' ಎಂಬಲ್ಲಿಯೂ ಜರ್ಮನ್ನಿಗೆ ಚತುರ್ಥಿಯೇ ಬೇಕು. ನೀನು, ನೀವು ಎಂಬ ಭೇದವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಗೆಳೆಯನಿಗೆ 'ದೂ', ಹಿರಿಯರಿಗೂ ಅಪರಿಚಿತರಿಗೂ 'ಝೀ'. ಉಚ್ಚಾರಣೆಯಲ್ಲಿ ಹ್ರಸ್ವದೀರ್ಘಗಳ ಭೇದ ಅರ್ಥವನ್ನೇ ಬದಲಿಸುತ್ತದೆ. 'ಶ್ಟಟ್' ಎಂದರೆ ಪಟ್ಟಣ, 'ಶ್ಟಾಟ್' ಎಂದರೆ ರಾಜ್ಯ. ಬಳೆಗೂ ಬಾಳೆಗೂ ಇರುವ ಅಂತರ ಬಲ್ಲ ಕಿವಿಗೆ ಇದೇನು ಹೊಸದಲ್ಲ.

ಎಲ್ಲವೂ ಹೀಗೆ ಸಲೀಸೆಂದು ಹೇಳಿದರೆ ವಾಚಕರನ್ನು ವಂಚಿಸಿದಂತಾದೀತು. ಸ್ವತಂತ್ರ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಸ್ಥಾನಕ್ಕೆ ಓಡಿಬರುತ್ತದೆ. ಲಿಂಗವಿವೇಕವಂತೂ ನಮ್ಮ ಬುದ್ಧಿಗೆ ನಿಲುಕದ್ದು. ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕ. ಅಷ್ಟೇ ಅಲ್ಲ, 'ಹುಡುಗಿ' ಎಂಬ ಪದವೂ ನಪುಂಸಕ! ಅರ್ಥವನ್ನು ನೋಡಿ ಲಿಂಗ ಹೇಳುವ ಕನ್ನಡಿಗನು ಇಲ್ಲಿ ತಲೆಬಾಗಿ ಉರುಹೊಡೆಯಬೇಕು, ಬೇರೆ ದಾರಿಯಿಲ್ಲ. ಆದರೆ ಇದರಲ್ಲಿ ಇಂಗ್ಲಿಷು ಬಲ್ಲವನಿಗೂ ನಮಗಿಂತ ಹೆಚ್ಚಿನ ಅನುಕೂಲವೇನೂ ಇಲ್ಲ.

ಜನರ ನಡುವೆ ಬದುಕಿ ಭಾಷೆ ಕಲಿಯುವುದು ಜರ್ಮನಿಗೆ ಹೋದವರಿಗೆ ಮಾತ್ರ ಮೀಸಲಾದ ವಿದ್ಯೆಯೆಂದು ಭಾವಿಸಬೇಕಾಗಿಲ್ಲ. ನನ್ನ ತಾಯಿ ಕುಣಿಗಲ್ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದು ವಠಾರದ ಮನೆಯಲ್ಲಿ ಸಂಸಾರ ಹೂಡಿದಾಗ ಅಕ್ಕಪಕ್ಕದವರಲ್ಲಿ ಹೆಚ್ಚಿನವರು ತಮಿಳರು. ಎಲ್ಲರಿಗೂ ನೀರಿನ ನಲ್ಲಿ ಒಂದೇ. ಸರದಿಗಾಗಿ ಜಗಳವಾಡಬೇಕಾದರೂ ಮಾತು ಬೇಕಷ್ಟೆ. ಎರಡು ವರ್ಷದೊಳಗೆ ಅವರು ತಮಿಳಿನಲ್ಲಿ ಜಗಳವನ್ನೂ ಆಡಿದರು, ಬಾಣಂತಿಯರಿಗೆ ಪಥ್ಯವನ್ನೂ ಹೇಳಿದರು. ಇಂಗ್ಲಿಷಿನ ಒಂದಕ್ಷರವೂ ಅದಕ್ಕೆ ಬೇಕಾಗಲಿಲ್ಲ.

ಇದೇ ಕ್ರಮದಲ್ಲಿ ಜರ್ಮನರು ನಮ್ಮ ನಾಡಿಗೆ ಬಂದು ಕನ್ನಡ ಕಲಿತ ಚರಿತ್ರೆ ಎಲ್ಲರಿಗೂ ತಿಳಿದದ್ದೇ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ಬಂದದ್ದು 1836ರಲ್ಲಿ. 1843ರ ಜುಲೈ ತಿಂಗಳಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡದ ಮೊದಲ ಪತ್ರಿಕೆಯ ಸಂಪಾದಕರಾದರು. ಏಳೇ ವರ್ಷ! ಫರ್ಡಿನಾಂಡ್ ಕಿಟ್ಟೆಲ್ ಅವರು 1853ರಲ್ಲಿ ಬಂದರು. ಸುಮಾರು 70,000 ಪದಗಳುಳ್ಳ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಗ್ರಂಥಗಳ ಪದಗಳಷ್ಟೇ ಅಲ್ಲದೆ ಆಡುಮಾತು, ಗಾದೆಗಳೂ ಅದರಲ್ಲಿ ಸೇರಿವೆ. ಜರ್ಮನ್ನರೊಬ್ಬರು ಕನ್ನಡಕ್ಕೆ ಬರೆದ ಕೋಶದ ಅರ್ಥಭಾಗ ಇಂಗ್ಲಿಷಿನಲ್ಲಿದೆ ಎಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು. ನಮ್ಮೆರಡು ಭಾಷೆಗಳ ನಡುವೆ ಮೂರನೆಯವರು ಬಂದು ಕುಳಿತದ್ದು ಇಂದು ನಿನ್ನೆಯದಲ್ಲ.

ನಮ್ಮ ದೇಶದಿಂದ ಅತ್ತ ಹೋದವರಲ್ಲಿ ರಾಮಮನೋಹರ ಲೋಹಿಯಾ ಅವರ ಕಥೆ ಪ್ರಸಿದ್ಧವಾಗಿದೆ. 1951ರ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧಿತರಾದ ಆ ಲೋಹಿಯಾರವರೇ. ಬರ್ಲಿನ್ನಿನಲ್ಲಿ ಪ್ರೊಫೆಸರ್ ಸೋಂಬಾರ್ಟ್ ತಮಗೆ ಇಂಗ್ಲಿಷು ಬಾರದೆಂದಾಗ, ಮೂರು ತಿಂಗಳು ಬಿಟ್ಟು ಬರುವೆನೆಂದು ಹೇಳಿ ಹೊರಟು, ಜರ್ಮನ್ ಕಲಿತು ಬಂದು ಅವರೆದುರು ನಿಂತರಂತೆ.

ಸೋಂಬಾರ್ಟರಂಥವರು ಇಂದು ಸಿಕ್ಕುವುದು ಕಷ್ಟ. ನಾವು ಜರ್ಮನ್ನಿನಲ್ಲಿ ಒಂದು ಕ್ಷಣ ತಡವರಿಸಿದರೆ ಎದುರಿಗಿರುವವರು ಉಪಕಾರವೆಂದು ಇಂಗ್ಲಿಷಿಗೆ ಹೊರಳುತ್ತಾರೆಂದು ಅಲ್ಲಿಗೆ ಹೋಗಿಬಂದವರು ಹೇಳುತ್ತಾರೆ. ಅಮೆರಿಕದ ಮಿಡಲ್‌ಬರಿ ಕಾಲೇಜು 1915ರಲ್ಲಿ ಆರಂಭಿಸಿದ ಬೇಸಗೆಯ ಜರ್ಮನ್ ಶಾಲೆಯಲ್ಲಿ, ಕಲಿಯುವ ಭಾಷೆಯನ್ನಲ್ಲದೆ ಬೇರೆ ಮಾತಾಡೆನೆಂದು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕುವ ಪದ್ಧತಿ ಬೆಳೆದುಬಂದಿದೆ. 1951ರಲ್ಲಿ ಹುಟ್ಟಿದ ಗೋಯೆಥೆ ಸಂಸ್ಥೆಯು 1953ರಲ್ಲಿ ತನ್ನ ಮೊದಲ ತರಗತಿಗಳನ್ನು ನಡೆಸಿದ್ದು ಮ್ಯೂನಿಕ್ ಮಹಾನಗರದಲ್ಲಲ್ಲ, ಬಾಡ್ ರೈಶೆನ್‌ಹಾಲ್ ಎಂಬ ಚಿಕ್ಕ ಊರಿನಲ್ಲಿ. ಬೇಸಗೆ ತರಗತಿಗೆ ಊರನ್ನು ಆರಿಸುವಾಗ ನನ್ನ ಒಲವೂ ಸಣ್ಣ ಊರಿನ ಕಡೆಗೇ. ಅಂಗಡಿಯ ಮುದುಕಿಗೆ ಇಂಗ್ಲಿಷು ಬಾರದಿದ್ದರೆ ಅದು ನನ್ನ ಪುಣ್ಯ.

ಆ ಸಂಸ್ಥೆಯ ಬೆಂಗಳೂರಿನ ಶಾಖೆ, ಮ್ಯಾಕ್ಸ್ ಮುಲ್ಲರ್ ಭವನ, 1960ರಿಂದ ಇದೆ. ಈಗ ಇಂದಿರಾನಗರದಲ್ಲಿದೆ, ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ಗಾಡಿ ಬದಲಿಸದೆ ಇಳಿಯಬಹುದು. ಕನ್ನಡದಲ್ಲಿಯೇ ವಿವರಣೆಯುಳ್ಳ ಜರ್ಮನ್ ವ್ಯಾಕರಣ ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿ ಇಲ್ಲದ ಕಾರಣ, ಪಾಠಗಳನ್ನು ನಾನೇ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದೇನೆ. ಎಡಗಡೆ ಜರ್ಮನ್, ಬಲಗಡೆ ಕನ್ನಡ. ವಿಭಕ್ತಿಗಳೂ ಒಳವಾಕ್ಯಗಳೂ ಮುಗಿದಿವೆ, ಲಿಂಗಪ್ರಕರಣ ಅರ್ಧಕ್ಕೆ ನಿಂತಿದೆ. ಬೇಕಾದವರು ಮಧ್ಯಾಹ್ನದ ಬಿಡುವಿನಲ್ಲಿ ವಾಚನಾಲಯಕ್ಕೆ ಬಂದರೆ ನಕಲು ಮಾಡಿಕೊಳ್ಳಲು ಕೊಡುತ್ತೇನೆ.