ಜ್ವಾಲೆಯ ಬೆಳಕು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಕಬ್ಬು ಕಟಾವಿಗೆ ಬಂದಿತೆಂದರೆ ಆಲೆಮನೆಗಳ ಒಲೆಗಳು ಉರಿಯತೊಡಗುತ್ತವೆ. ಗಾಣದಿಂದಿಳಿದ ರಸವು ಅಗಲವಾದ ಕೊಪ್ಪರಿಗೆಯಲ್ಲಿ ಕುದಿಕುದಿದು ಬೆಲ್ಲವಾಗುತ್ತದೆ. ಅದನ್ನು ಕುದಿಸುವ ಉರುವಲೂ ಕಬ್ಬಿನದೇ. ರಸ ಹಿಂಡಿದ ಸಿಪ್ಪೆಯನ್ನು ಒಣಗಿಸಿ ಒಲೆಗೆ ಒಡ್ಡುತ್ತಾರೆ. ಸಿಪ್ಪೆ ಬಿದ್ದೊಡನೆ ಹಳದಿ ಜ್ವಾಲೆ ಭುಗಿಲೆಂದು ಏಳುತ್ತದೆ. ಈ ಜ್ವಾಲೆ ಎಂದರೇನು? ಅದಕ್ಕೆ ಬೆಳಕು ಎಲ್ಲಿಂದ ಬಂದಿತು?

ಸಿಪ್ಪೆಯೇ ನೇರವಾಗಿ ಜ್ವಾಲೆಯಾಗುವುದಿಲ್ಲ. ಮೊದಲು ಅದರಲ್ಲಿ ಉಳಿದಿರುವ ನೀರು ಆವಿಯಾಗಿ ಹೋಗುತ್ತದೆ. ಕಾವು ಇನ್ನೂ ಏರಿದಾಗ ಸಿಪ್ಪೆಯಿಂದ ಇಂಗಾಲ, ಜಲಜನಕಗಳುಳ್ಳ ಅನಿಲಗಳು ಹೊರಹೊಮ್ಮುತ್ತವೆ. ಈ ಅನಿಲಗಳು ಗಾಳಿಯಲ್ಲಿರುವ ಆಮ್ಲಜನಕದೊಡನೆ ಸಂಯೋಗ ಹೊಂದುವ ತಾಣವೇ ಜ್ವಾಲೆ. ಈ ಸಂಯೋಗದಿಂದ ನೀರಾವಿಯೂ ಇಂಗಾಲದ ಡೈ ಆಕ್ಸೈಡೂ ಉಂಟಾಗಿ, ಅಪಾರವಾದ ಶಾಖ ಬಿಡುಗಡೆಯಾಗುತ್ತದೆ. ಮೇಣದಬತ್ತಿಯಲ್ಲಿ ಉರಿಯುವುದೂ ಮೇಣದ ಆವಿಯೇ. 1860–61ರಲ್ಲಿ ಮೈಕೇಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೇಣದಬತ್ತಿಯೊಂದನ್ನೇ ವಿಷಯವಾಗಿಟ್ಟುಕೊಂಡು ಬಾಲಕ ಬಾಲಕಿಯರಿಗಾಗಿ ಆರು ಉಪನ್ಯಾಸಗಳನ್ನು ನೀಡಿದನು.

ಹಳದಿ ಬೆಳಕಿನ ಗುಟ್ಟನ್ನು ನಮ್ಮ ಅಜ್ಜಿಯರ ಕಾಡಿಗೆಯ ಬಟ್ಟಲಲ್ಲಿ ಕಾಣಬಹುದು. ಹರಳೆಣ್ಣೆಯ ದೀಪದ ಕುಡಿಗೆ ತಟ್ಟೆಯನ್ನು ಹಿಡಿದರೆ ಅದರ ಮೇಲೆ ಕಪ್ಪು ಮಸಿ ಕೂರುತ್ತದೆ. ಆ ಮಸಿಯ ಬಹುಭಾಗ ಇಂಗಾಲ. ಜ್ವಾಲೆಯೊಳಗೆ ಆಮ್ಲಜನಕ ಸಾಲದಿರುವೆಡೆ ಇಂಗಾಲವು ಅತಿ ಸಣ್ಣ ಕಣಗಳಾಗಿ ಕೂಡಿಕೊಳ್ಳುತ್ತದೆ. ಸಾವಿರ ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿದ ಕಾವಿನಲ್ಲಿ, ಕಮ್ಮಾರನ ಕುಲುಮೆಯ ಕಬ್ಬಿಣದಂತೆ, ಈ ಕಣಗಳು ಕಾದು ಬೆಳಗುತ್ತವೆ. ಕಣ್ಣಿಗೆ ಹಚ್ಚುವ ಕಪ್ಪೇ ಜ್ವಾಲೆಯಲ್ಲಿರುವಾಗ ಹೊನ್ನಿನ ಬೆಳಕು!

ಅಡುಗೆ ಅನಿಲದ ಒಲೆಯ ಉರಿ ನೀಲಿ. ಅಲ್ಲಿ ಅನಿಲವು ಉರಿಯುವ ಮೊದಲೇ ಗಾಳಿಯೊಡನೆ ಬೆರೆಯುವುದರಿಂದ ಮಸಿಗೆ ಎಡೆಯಿಲ್ಲ. ರಾಸಾಯನಿಕ ಕ್ರಿಯೆ ನಡೆಯುವಾಗ ಇಂಗಾಲ, ಜಲಜನಕಗಳ ಪರಮಾಣುಗಳು ಕೂಡಿದ ಅಲ್ಪಾಯುಷ್ಯದ ತುಣುಕುಗಳು ಹೆಚ್ಚಿನ ಶಕ್ತಿಯನ್ನು ಪಡೆದು ಹುಟ್ಟುತ್ತವೆ. ಆ ಶಕ್ತಿಯನ್ನು ಅವು ನೀಲಿ ಬೆಳಕಾಗಿ ಹೊರಚೆಲ್ಲುತ್ತವೆ. ಹಳದಿಯು ಕಾದ ಕಣಗಳ ಬೆಳಕಾದರೆ, ನೀಲಿಯು ರಾಸಾಯನಿಕ ಕ್ರಿಯೆಯಿಂದಲೇ ಹೊಮ್ಮುವ ಬೆಳಕು.

ಈ ತಿಳಿವಳಿಕೆ ಕೇವಲ ಕುತೂಹಲಕ್ಕಲ್ಲ. ಹಸಿ ಸಿಪ್ಪೆಯನ್ನು ತುಂಬಿದರೆ, ಇಲ್ಲವೆ ಒಲೆಗೆ ಗಾಳಿ ಸಾಲದೆ ಹೋದರೆ, ದಹನ ಅಪೂರ್ಣವಾಗುತ್ತದೆ. ಶಾಖವಾಗಬೇಕಾದುದು ಹೊಗೆಯಾಗಿ ಹೋಗಿ ಉರಿಹಾಕುವವನ ಕಣ್ಣನ್ನೂ ಶ್ವಾಸಕೋಶವನ್ನೂ ಬಾಧಿಸುತ್ತದೆ. ಹೊಗೆಗಿಂತ ಅಪಾಯಕರವಾದುದು ಇಂಗಾಲದ ಮಾನಾಕ್ಸೈಡು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಜ್ವಾಲೆ ಕಾಣದ ಇದ್ದಿಲ ಕೆಂಡದಿಂದಲೂ ಇದು ಹುಟ್ಟುತ್ತದೆ. ಚಳಿಯೆಂದು ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಿದವರು ಏಳದೆ ಹೋದ ಉದಾಹರಣೆಗಳುಂಟು. ಆದುದರಿಂದ ಬೆಂಕಿಯಿರುವ ಕಡೆ ಗಾಳಿಯಾಡಲು ದಾರಿಯಿರಬೇಕು. ಉರುವಲಿನಷ್ಟೇ ಗಾಳಿಯೂ ಬೆಂಕಿಯ ಆಹಾರ. ಅದೇ ಗಾಳಿ ಮನುಷ್ಯನ ಉಸಿರು.