ಹಳಿ ಕಿತ್ತ ರೈಲು ದಾರಿ ಊರ ನಕ್ಷೆಯಲ್ಲಿ ಬೇಕೇ?



ಊರವರೆಲ್ಲ ಕೂಡಿ ಚಾವಡಿಯ ಮುಂದೆ ರಂಗೋಲಿಯಿಂದ ಊರ ನಕ್ಷೆ ಬರೆಯುವಾಗ ಒಂದು ಪ್ರಶ್ನೆ ಏಳುತ್ತದೆ. ಈಗ ಬಳಕೆಯಲ್ಲಿ ಇಲ್ಲದ್ದನ್ನು ಬರೆಯಬೇಕೇ, ಬಿಡಬೇಕೇ? ಇದನ್ನು ತಿಳಿಯಲು ರೈಲು ದಾರಿ ಒಳ್ಳೆಯ ಉದಾಹರಣೆ.

ನಮ್ಮ ಯಾದಗಿರಿಯ ಮೇಲೆ ಹಾಯುವ ವಾಡಿ–ರಾಯಚೂರು ದಾರಿ 1871ರಿಂದ ನಡೆದೇ ಇದೆ. ಎಲ್ಲ ದಾರಿಗಳ ಗತಿಯೂ ಹೀಗಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿ ಅಗಲದ ಹಳಿಯ ಮೇಲೆ ಸಣ್ಣ ರೈಲು ಓಡುತ್ತಿತ್ತು. ಅದು ನಿಂತು ದಶಕಗಳೇ ಕಳೆದವು. ಹೊಸಪೇಟೆ–ಕೊಟ್ಟೂರು ದಾರಿಯಲ್ಲಿ 1990ರ ದಶಕದಲ್ಲಿ ನಿಂತ ಪ್ರಯಾಣಿಕರ ರೈಲು 2019ರಲ್ಲಿ ಮತ್ತೆ ಓಡಿತು. ಆದುದರಿಂದ ನಿಂತದ್ದೆಲ್ಲ ಅಳಿದದ್ದಲ್ಲ.

ನಕ್ಷೆಗೆ ಮೂರು ನಿಯಮ ಸಾಕು:

1. ಹಳಿ ಇದ್ದು ರೈಲು ಓಡದಿದ್ದರೆ, ಹಳಿಯನ್ನು ಬರೆದು ‘ರೈಲು ಓಡುವುದಿಲ್ಲ’ ಎಂದು ಗುರುತಿಸಿರಿ.

2. ಹಳಿ ಕಿತ್ತಿದ್ದರೂ ಒಡ್ಡು, ಮೋರಿ, ಕಣಿವೆ ಉಳಿದಿದ್ದರೆ, ಅವನ್ನು ಬೇರೆ ಬಣ್ಣದಲ್ಲಿ ಬರೆಯಿರಿ.

3. ಎಲ್ಲವೂ ಹೊಲದಲ್ಲಿ ಬೆರೆತು ಕುರುಹೇ ಇಲ್ಲದಿದ್ದರೆ, ನಕ್ಷೆಯಲ್ಲಿ ಬರೆಯಬೇಡಿರಿ. ಹಿರಿಯರ ನೆನಪನ್ನು ಬೇರೆ ಪುಸ್ತಕದಲ್ಲಿ ಬರೆದಿಡಿರಿ.

ಎರಡನೆಯ ನಿಯಮವೇ ಮುಖ್ಯವಾದುದು. ರೈಲು ಹೋದರೂ ಅದರ ಒಡ್ಡು ಮಳೆನೀರನ್ನು ತಡೆಯುತ್ತದೆ. ಮೋರಿಯಲ್ಲಿ ಹೂಳು ತುಂಬಿದರೆ ಮೇಲಿನ ಎರೆ ಹೊಲದಲ್ಲಿ ನೀರು ನಿಂತು ತೊಗರಿ ಕೊಳೆಯುತ್ತದೆ. ಒಡ್ಡನ್ನು ಬಿಟ್ಟು ಬರೆದ ನಕ್ಷೆಯನ್ನು ನಂಬಿ ಬದು ಹಾಕಿದರೆ ಹಣವೂ ದುಡಿಮೆಯೂ ವ್ಯರ್ಥ. ಇನ್ನೊಂದು ಮಾತು: ಹಳಿ ಕಿತ್ತ ಮಾತ್ರಕ್ಕೆ ಆ ಜಮೀನು ಊರಿನದಾಗುವುದಿಲ್ಲ. ಒಡೆತನವನ್ನು ಕಂದಾಯ ದಾಖಲೆಯಲ್ಲಿ ನೋಡಿಯೇ ತಿಳಿಯಬೇಕು.

ಶಹಾಪುರ, ಸುರಪುರ ಪಟ್ಟಣಗಳಿಗೆ ರೈಲೇ ಇಲ್ಲ, ನಮಗೇಕೆ ಈ ಪಾಠ ಎನ್ನಬೇಡಿರಿ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಹೂಳು ತುಂಬಿದ ಹೊಲಗಾಲುವೆ, ಒಡೆದ ಕೆರೆಯ ಏರಿ, ಪಾಳುಬಿದ್ದ ಬಾವಿ, ಮುಳ್ಳು ಬೆಳೆದ ಬಂಡಿದಾರಿ, ಇವಕ್ಕೂ ಇದೇ ನಿಯಮ. ಪಾಳುಬಾವಿಯನ್ನು ಗುರುತಿಸಿದರೆ ದನಕರು, ಮಕ್ಕಳು ಬೀಳದಂತೆ ಬೇಲಿ ಕಟ್ಟಬಹುದು. ಒಡೆದ ಏರಿಯನ್ನು ಗುರುತಿಸಿದರೆ ಅದರ ದುರಸ್ತಿಯ ಬೇಡಿಕೆಯನ್ನು ಗ್ರಾಮಸಭೆಯ ಮುಂದೆ ಇಡಬಹುದು.

ನಕ್ಷೆ ಬರೆಯುವ ಮೊದಲು ಒಬ್ಬ ಹಿರಿಯರು, ಒಬ್ಬ ಹೆಣ್ಣುಮಗಳು, ಒಬ್ಬ ಕುರಿಗಾಹಿ, ಇವರೊಡನೆ ಊರ ಸೀಮೆಯನ್ನು ಒಮ್ಮೆ ಸುತ್ತಿರಿ. ಮಳೆ ಬಿದ್ದ ಮರುದಿನ ಸುತ್ತಿದರೆ ಇನ್ನೂ ಒಳ್ಳೆಯದು. ಯಾವ ಒಡ್ಡು ನೀರನ್ನು ಎಲ್ಲಿ ತಡೆದಿದೆ ಎಂಬುದು ಕಣ್ಣಿಗೇ ಕಾಣುತ್ತದೆ.