ನೋಟದ ಹಾದಿ: ಆಡಳಿತ ಮತ್ತು ಹಣಕಾಸು

ಧಾರವಾಡದಿಂದ ಅಳ್ನಾವರದತ್ತ ಹೊರಟವರಿಗೆ ನಗರದ ಅಂಚಿನಲ್ಲಿ ಕೆಲಗೇರಿ ಕೆರೆ ಕಾಣುತ್ತದೆ. ಮುಂದೆ ಸಾಗಿದಂತೆ ಬಯಲು ಸರಿದು ಮಲೆನಾಡಿನ ಹಸಿರು ತೊಡಗುತ್ತದೆ. ಇಂತಹ ರಸ್ತೆಯ ಚೆಲುವೂ ವ್ಯಾಪಾರಕ್ಕೆ ಒಂದು ಬಂಡವಾಳ. ಅದನ್ನು ಕಾಯುವವರಾರು, ವೆಚ್ಚ ಭರಿಸುವವರಾರು ಎಂಬುದು ವಿಚಾರಾರ್ಹ.

ನಮ್ಮಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಮೇಲಿನ ಉಪಕರದಿಂದ ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಬೆಳೆದಿದೆ. ಇದಕ್ಕೆ 2000ದ ಕಾಯ್ದೆ ಆಧಾರ. ರಾಷ್ಟ್ರೀಯ ಹೆದ್ದಾರಿಗಳ ಹಸಿರಿಗಾಗಿ ಯೋಜನಾ ವೆಚ್ಚದ ಶೇ. 1ನ್ನು ಮೀಸಲಿಡುವ ನೀತಿ 2015ರಲ್ಲಿ ಬಂತು. ಆದರೆ ಇವು ನೋಟಕ್ಕಾಗಿಯೇ ರಸ್ತೆಯೊಂದನ್ನು ಗುರುತಿಸಿ ಪೋಷಿಸುವ ಯೋಜನೆಗಳಲ್ಲ.

ಅಮೆರಿಕವು 1991ರಲ್ಲಿ ಅಂತಹ ಕಾರ್ಯಕ್ರಮವನ್ನು ಕಾಯ್ದೆಯ ಮೂಲಕ ಆರಂಭಿಸಿತು. ನಿಸರ್ಗ, ಇತಿಹಾಸ, ಸಂಸ್ಕೃತಿ ಮೊದಲಾದ ಆರು ಗುಣಗಳಲ್ಲಿ ಒಂದಾದರೂ ಇರುವ ರಸ್ತೆಯನ್ನು ರಾಜ್ಯವು ಸೂಚಿಸುತ್ತದೆ, ಕೇಂದ್ರವು ಮಾನ್ಯ ಮಾಡುತ್ತದೆ. ಅದಕ್ಕೆ ಮೊದಲು ಸ್ಥಳೀಯರು ರಸ್ತೆಯ ನಿರ್ವಹಣಾ ಯೋಜನೆಯನ್ನು ಸಿದ್ಧಪಡಿಸಬೇಕು: ಏನನ್ನು ಉಳಿಸಬೇಕು, ಅಭಿವೃದ್ಧಿಗೆ ಎಲ್ಲಿ ಎಡೆ, ಯಾರ ಹೊಣೆ ಯಾವುದು ಎಂಬುದೆಲ್ಲ ಅದರಲ್ಲಿರಬೇಕು. ಅನುದಾನದಲ್ಲಿ ಕೇಂದ್ರದ ಪಾಲು ಶೇ. 80, ಉಳಿದ ಶೇ. 20 ರಾಜ್ಯ ಅಥವಾ ಸ್ಥಳೀಯರದು. ಉದಾಹರಣೆಗೆ 10 ಲಕ್ಷದ ಕಾಮಗಾರಿಗೆ 2 ಲಕ್ಷವನ್ನು ಅವರೇ ಹೊಂದಿಸಬೇಕು. ಇದಕ್ಕೆ ಪ್ರತಿಯಾಗಿ ಮುಖ್ಯ ಹೆದ್ದಾರಿಗಳಲ್ಲಿ ಮಾನ್ಯತೆ ಪಡೆದ ಭಾಗದುದ್ದಕ್ಕೂ ಹೊಸ ಜಾಹೀರಾತು ಫಲಕಗಳಿಗೆ ತಡೆಯುಂಟು. ಫಲಕ ಕಳೆದುಕೊಂಡ ಅಂಗಡಿಕಾರನಿಗೆ ಇದು ನಷ್ಟವೆನಿಸಬಹುದು. ಆದರೆ ನೋಟಕ್ಕೆ ನಿಂತ ಪ್ರವಾಸಿ ಅವನ ಗಿರಾಕಿಯಾಗುತ್ತಾನೆ.

ಈ ಕಾರ್ಯಕ್ರಮದ ಮುಖ್ಯ ಪಾಠ ಅದರ ಮುಗ್ಗಟ್ಟಿನಲ್ಲಿದೆ. 2012ರಲ್ಲಿ ಪ್ರತ್ಯೇಕ ಅನುದಾನ ನಿಂತಿತು. ಹೊಸ ಮಾನ್ಯತೆಗಳೂ ಬಹುಕಾಲ ಇರಲಿಲ್ಲ. 2019ರ ಕಾಯ್ದೆಯ ನಂತರ, 2021ರಲ್ಲಿ 49 ರಸ್ತೆಗಳು ಸೇರಿ ಒಟ್ಟು ಸಂಖ್ಯೆ 184 ಆಯಿತು. ಸರ್ಕಾರದ ಹಣ ಬರುತ್ತದೆ, ನಿಲ್ಲುತ್ತದೆ. ಕೆಟ್ಟ ಫಲಕ, ಮುರಿದ ಬೆಂಚು, ಕಸದ ಬುಟ್ಟಿ ಮಾತ್ರ ದಿನವೂ ಕಾಯುತ್ತವೆ.

ಆದುದರಿಂದ ಕೆಲಗೇರಿ ರಸ್ತೆಯ ವರ್ತಕರು ಅನುದಾನಕ್ಕಾಗಿ ಕಾಯುವ ಬದಲು ಮೊದಲು ಒಂದು ಸಮಿತಿ, ಒಂದು ನಕಾಶೆ ಮತ್ತು ವಾರ್ಷಿಕ ನಿರ್ವಹಣಾ ಲೆಕ್ಕವನ್ನು ಸಿದ್ಧಪಡಿಸಿಕೊಳ್ಳುವುದು ಲೇಸು. ಕಂಪನಿಗಳ ಕಾಯ್ದೆ, 2013ರ ಪ್ರಕಾರ ದೊಡ್ಡ ಕಂಪನಿಗಳು ಸಾಮಾಜಿಕ ಹೊಣೆಗಾಗಿ ಸರಾಸರಿ ನಿವ್ವಳ ಲಾಭದ ಶೇ. 2ನ್ನು ವೆಚ್ಚ ಮಾಡಬೇಕಾಗುತ್ತದೆ. ಪರಿಸರ ಸಂರಕ್ಷಣೆಯೂ ಅದರ ವ್ಯಾಪ್ತಿಯಲ್ಲಿದೆ. ಕೇಳುವ ಕೈಯಲ್ಲಿ ಲೆಕ್ಕವಿದ್ದರೆ ಕೊಡುವ ಕೈಗೂ ಧೈರ್ಯ ಬರುತ್ತದೆ.